ವೇಗ ಎಡಿಟರ್‌ಗೆ, ಬಾಳಿಕೆ ಮದುವೆ ಮನೆಗೆ

ಎರಡನೇ ಬೆಳೆಯ ಕೊಯ್ಲು ಮುಗಿದು ಭತ್ತದ ದುಡ್ಡು ಕೈ ಸೇರುವ ಹೊತ್ತಿಗೆ ಕೊಪ್ಪಳ ಜಿಲ್ಲೆಯ ಕಾರಟಗಿ ಸೀಮೆಯಲ್ಲಿ ಮದುವೆಗಳು ಸಾಲುಗಟ್ಟುತ್ತವೆ. ಅರಿಶಿನ, ಸುರಗಿ, ಅಕ್ಕಿಕಾಳು, ಉಡಿ ತುಂಬುವುದು, ಮೆರವಣಿಗೆ. ಇದರಲ್ಲಿ ಯಾವುದನ್ನೂ ಕ್ಯಾಮೆರಾ ಬಿಡುವುದಿಲ್ಲ. ಮದುವೆಗೆ ಮೊದಲೇ ಆನೆಗೊಂದಿ, ಸಾಣಾಪುರ ಕೆರೆ, ಹಂಪಿಯ ಬಂಡೆಗಳ ನಡುವೆ ಒಂದು ಪ್ರೀ–ವೆಡ್ಡಿಂಗ್ ಶೂಟ್ ಆಗಿರುತ್ತದೆ. ಮದುವೆಯ ದಿನ ಎರಡು ಕ್ಯಾಮೆರಾ, ಮೇಲೊಂದು ಡ್ರೋನ್. ಅದೆಲ್ಲ ಕೊನೆಗೆ ಬಂದು ಸೇರುವುದು ಸ್ಟುಡಿಯೊದ ಒಳಕೋಣೆಯಲ್ಲಿರುವ ಒಂದೇ ಕಂಪ್ಯೂಟರಿಗೆ. ಮಿಕ್ಸಿಂಗ್, ಕಲರ್, ಹಾಡಿಗೆ ತಕ್ಕ ಕಟಿಂಗ್, ಆಮೇಲೆ ರಾತ್ರಿಯೆಲ್ಲ ರೆಂಡರ್, ಅಂದರೆ ಎಲ್ಲವನ್ನೂ ಕೂಡಿಸಿ ಒಂದೇ ವಿಡಿಯೊ ಫೈಲಾಗಿ ಹೊರತೆಗೆಯುವ ಕೆಲಸ. ಅತ್ತ ಮದುವೆ ಮನೆಯಿಂದ ಫೋನ್ ಬರುತ್ತಲೇ ಇರುತ್ತದೆ: ‘ಅಣ್ಣಾರ, ನಮ್ಮ ವಿಡಿಯೊ ಯಾವಾಗ ಕೊಡ್ತೀರಿ?’

ಗಂಗಾವತಿ–ಸಿಂಧನೂರು ರಸ್ತೆಯ ಊರುಗಳಲ್ಲಿ ಈ ಕೆಲಸಕ್ಕೆ ಕೂತ ಹುಡುಗರು ಹೊಸ ಸಿಸ್ಟಂ ಕಟ್ಟಿಸುವಾಗ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: ಹಾರ್ಡ್ ಡಿಸ್ಕ್ ಹಾಕಿಸುವುದೋ, ಎಸ್‌ಎಸ್‌ಡಿ ಹಾಕಿಸುವುದೋ? ಕೈಯಲ್ಲಿರುವ ದುಡ್ಡಿಗೆ ಮಿತಿ ಇದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ್‍ಯಾಮ್ ಎಲ್ಲವೂ ಅದರಲ್ಲೇ ಆಗಬೇಕು. ಅಂಗಡಿಯವರು ‘ಎಸ್‌ಎಸ್‌ಡಿ ಹಾಕಿಸಿ, ರೆಂಡರ್ ಹತ್ತು ಪಟ್ಟು ಫಾಸ್ಟ್ ಆಗ್ತದ’ ಎನ್ನುತ್ತಾರೆ. ಆ ಮಾತು ಅರ್ಧ ನಿಜ. ಯಾವ ಅರ್ಧ ನಿಜ ಎಂಬುದು ಗೊತ್ತಾದರೆ ದುಡ್ಡೂ ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ಮನೆಯ ನೆನಪೂ ಉಳಿಯುತ್ತದೆ.

ರೆಂಡರ್ ಆಗುವಾಗ ಡಿಸ್ಕ್ ಏನು ಮಾಡುತ್ತಿರುತ್ತದೆ?

ಲೆಕ್ಕ ಹಾಕಿಯೇ ನೋಡೋಣ. ಮದುವೆ ಚಿತ್ರೀಕರಣಕ್ಕೆ ಬಳಸುವ ಹಲವು 4ಕೆ ಕ್ಯಾಮೆರಾಗಳು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ದಾಖಲಿಸುತ್ತವೆ. ಎಂಟು ಬಿಟ್‌ಗೆ ಒಂದು ಬೈಟ್. ಅಂದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ಐದೈದು ಗಂಟೆ ಓಡಿದರೆ ಒಂದು ಮದುವೆಗೆ 450 ಜಿಬಿ.

ಈಗ ಒಂದು ಗಂಟೆಯ ವಿಡಿಯೊ ರೆಂಡರ್‌ಗೆ ಹಾಕಿ ಮನೆಗೆ ಹೋಗಿದ್ದೀರಿ ಎನ್ನಿ. ಅದಕ್ಕೆ ಎರಡು ಗಂಟೆ ಹಿಡಿಯಿತು. ಸಿದ್ಧವಾದ ಫೈಲು 50 ಮೆಗಾಬಿಟ್ ದರದ್ದು, ಸುಮಾರು 22 ಜಿಬಿ. ಎರಡು ಗಂಟೆಯಲ್ಲಿ 22 ಜಿಬಿ ಬರೆಯಲು ಡಿಸ್ಕ್ ಸೆಕೆಂಡಿಗೆ ಬರೆದದ್ದು ಬರೀ 3 ಎಂಬಿ. ಮೂಲ ಫುಟೇಜ್ ಓದಿದ್ದು ಸೆಕೆಂಡಿಗೆ 6 ಎಂಬಿಯ ಆಸುಪಾಸು. ಎರಡೂ ಸೇರಿ ಹತ್ತು ಎಂಬಿಯ ಒಳಗೆ. ಸಾಮಾನ್ಯ 7,200 ಸುತ್ತಿನ ಹಾರ್ಡ್ ಡಿಸ್ಕ್ ಒಂದೇ ಓಟದಲ್ಲಿ ಸೆಕೆಂಡಿಗೆ 150ರಿಂದ 250 ಎಂಬಿ ಓದಬಲ್ಲದು. ಎಂದರೆ ರೆಂಡರ್‌ನ ಹೆಚ್ಚಿನ ಹೊತ್ತು ಡಿಸ್ಕ್ ಸುಮ್ಮನೆ ಕೂತಿರುತ್ತದೆ. ಬೆವರು ಸುರಿಸುವುದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್. ಹಾರ್ಡ್ ಡಿಸ್ಕ್ ತೆಗೆದು ದುಬಾರಿ ಎಸ್‌ಎಸ್‌ಡಿ ಹಾಕಿದರೂ ಎರಡು ಗಂಟೆಯ ರೆಂಡರ್ ಹತ್ತು ನಿಮಿಷಕ್ಕೆ ಇಳಿಯುವುದಿಲ್ಲ.

ಗಂಗಾವತಿ, ಕೊಪ್ಪಳದ ಎಂಜಿನಿಯರ್‌ಗಳು ಮಾಡಿಕೊಡುವ ಮನೆ ಎಲಿವೇಶನ್‌ನ ತ್ರೀಡಿ ಚಿತ್ರಗಳ ಕಥೆಯೂ ಹೆಚ್ಚುಕಡಿಮೆ ಇದೇ. ಗೋಡೆ, ಗಿಡ, ಗಾಜಿನ ಮಾದರಿಗಳೆಲ್ಲ ಡಿಸ್ಕ್‌ನಿಂದ ಒಮ್ಮೆ ಮೆಮೊರಿಗೆ ಬಂದು ಕೂರುತ್ತವೆ. ಅಲ್ಲಿಂದ ಮುಂದೆ ಬೆಳಕಿನ ಕಿರಣಗಳ ಲೆಕ್ಕ. ಎಸ್‌ಎಸ್‌ಡಿಯಿಂದ ಫೈಲು ಬೇಗ ತೆರೆಯುತ್ತದೆ. ಲೆಕ್ಕಕ್ಕೆ ಹಿಡಿಯುವ ಹೊತ್ತು ಹೆಚ್ಚೇನೂ ಕಡಿಮೆಯಾಗುವುದಿಲ್ಲ.

ಹಾಗಾದರೆ ಎಸ್‌ಎಸ್‌ಡಿ ಯಾರಿಗೆ?

ಕೂತು ಎಡಿಟ್ ಮಾಡುವವನಿಗೆ. ಹಾರ್ಡ್ ಡಿಸ್ಕ್‌ನ ಒಳಗೆ ತಟ್ಟೆಗಳು ಸೆಕೆಂಡಿಗೆ 120 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಓದುವ ಹೆಡ್ ತೇಲುತ್ತದೆ. ಬೇಕಾದ ಜಾಗಕ್ಕೆ ಹೆಡ್ ಸರಿಯಲು ಸುಮಾರು 8 ಮಿಲಿಸೆಕೆಂಡ್ ಬೇಕು. ಆ ಜಾಗ ತಿರುಗಿ ಹೆಡ್‌ನ ಕೆಳಗೆ ಬರಲು ಸರಾಸರಿ ಇನ್ನೂ 4 ಮಿಲಿಸೆಕೆಂಡ್. ಒಟ್ಟು 12. ಆದ್ದರಿಂದ ಒಂದು ಸೆಕೆಂಡಿನಲ್ಲಿ ಹೆಡ್ ಸುಮಾರು 80 ಕಡೆ ಮಾತ್ರ ಹಾರಬಲ್ಲದು. ಪ್ರತಿ ಹಾರಿಕೆಗೂ 4 ಕೆಬಿಯ ಚಿಕ್ಕ ತುಣುಕೊಂದನ್ನು ಓದುವುದಾದರೆ ಇಡೀ ಸೆಕೆಂಡಿನಲ್ಲಿ ಕೈಗೆ ಸಿಗುವುದು 320 ಕೆಬಿ! ಸಾಲಾಗಿ ಓದುವಾಗ 200 ಎಂಬಿ ಕೊಟ್ಟ ಅದೇ ಡಿಸ್ಕ್ ಇದು.

ಎಡಿಟಿಂಗ್ ಎಂದರೆ ಹಾರಾಟವೇ. ಟೈಮ್‌ಲೈನ್ ಮೇಲೆ ಎರಡು ಕ್ಯಾಮೆರಾದ ಸಾಲು, ಡ್ರೋನ್‌ನದೊಂದು, ಮೇಲೆ ಹಾಡು, ಟೈಟಲ್, ಥಂಬ್‌ನೇಲ್, ಧ್ವನಿಯ ಅಲೆಯ ಚಿತ್ರ, ಸಾಫ್ಟ್‌ವೇರ್ ತಾನೇ ಬರೆದಿಟ್ಟುಕೊಳ್ಳುವ ಸಾವಿರಾರು ಕ್ಯಾಶ್ ಫೈಲು. ತಾಳಿ ಕಟ್ಟುವ ಗಳಿಗೆ ಹುಡುಕಲು ಮೌಸ್ ಹಿಂದೆ ಮುಂದೆ ಎಳೆದಾಗಲೆಲ್ಲ ಡಿಸ್ಕ್ ಹತ್ತಾರು ಕಡೆಯಿಂದ ಓದಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಹೆಡ್ಡೂ ಇಲ್ಲ. ಚಿಪ್‌ನ ಯಾವ ಮೂಲೆಯಿಂದಲಾದರೂ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ಬೇಗ ಉತ್ತರ ಬರುತ್ತದೆ. ರಾತ್ರಿಯ ರೆಂಡರ್‌ನಲ್ಲಿ ಉಳಿಯದ ಸಮಯ ಹಗಲಿನ ಕೂರಿಕೆಯಲ್ಲಿ ಉಳಿಯುತ್ತದೆ. ಎಡಿಟರ್‌ನ ತಾಳ್ಮೆಯೂ ಉಳಿಯುತ್ತದೆ. ಕೆಲಸದ ಗುಣಕ್ಕೆ ಅದು ಸಣ್ಣ ವಿಷಯವಲ್ಲ. ಕಾಯುವುದು ಬೇಡವೆಂದು ಒಳ್ಳೆಯ ಶಾಟ್ ಹುಡುಕುವುದನ್ನೇ ಬಿಟ್ಟರೆ ನಷ್ಟ ಮದುವೆ ಮನೆಗೆ.

ಎಸ್‌ಎಸ್‌ಡಿಗಳಲ್ಲೂ ದರ್ಜೆಗಳಿವೆ. ಸಾಟಾ ಕೇಬಲ್ಲಿಗೆ ಸಿಕ್ಕಿಸುವವು ಸೆಕೆಂಡಿಗೆ 550 ಎಂಬಿಗೆ ನಿಲ್ಲುತ್ತವೆ. ಮದರ್‌ಬೋರ್ಡ್ ಮೇಲೆ ಚಪ್ಪಟೆಯಾಗಿ ಕೂರುವ ಎನ್‌ವಿಎಂಇಗಳಲ್ಲಿ ಮೂರನೇ ತಲೆಮಾರಿನವು 3,500, ನಾಲ್ಕನೆಯವು 7,000 ಎಂಬಿಯವರೆಗೆ ಓಡುತ್ತವೆ. ಸೆಕೆಂಡಿಗೆ 12.5 ಎಂಬಿಯ ಮೂರು ನಾಲ್ಕು ಸಾಲು ಓದುವ ಮದುವೆ ಎಡಿಟಿಂಗ್‌ಗೆ ಸಾಟಾ ದರ್ಜೆಯೇ ಸಾಕು. ಮೇಲಿನ ದರ್ಜೆಯ ಗರಿಷ್ಠ ವೇಗಕ್ಕೆ ಕೊಡುವ ಹೆಚ್ಚಿನ ಹಣವನ್ನು ರ್‍ಯಾಮ್‌ಗೋ ಫುಟೇಜ್‌ನ ಎರಡನೇ ಪ್ರತಿಗೋ ಹಾಕುವುದು ಲೇಸು.

ಫುಟೇಜ್ ಇಳಿಸುವ ಕೆಲಸಕ್ಕೂ ಈ ಮಾತು ಹೊಂದುತ್ತದೆ. ಸಾಮಾನ್ಯ ಯುಎಚ್‌ಎಸ್–1 ಕಾರ್ಡ್‌ನ ದಾರಿ ಸೆಕೆಂಡಿಗೆ 104 ಎಂಬಿಗಿಂತ ಅಗಲವಿಲ್ಲ. ನಿಜವಾಗಿ ಸಿಗುವ 90ರ ಲೆಕ್ಕದಲ್ಲಿ 450 ಜಿಬಿ ಇಳಿಸಲು ಸುಮಾರು 83 ನಿಮಿಷ ಬೇಕು. ಆಚೆ ಕಡೆ ಎಂಥ ಎಸ್‌ಎಸ್‌ಡಿ ಇದ್ದರೂ ಅಷ್ಟೇ.

ಎನ್‌ವಿಎಂಇ ಇಲ್ಲದೆ ಆಗುವುದೇ ಇಲ್ಲ ಎನ್ನುವ ಕೆಲಸವೂ ಇದೆ. ಕಾರಟಗಿಯಿಂದ ದೂರವಲ್ಲದ ಹಂಪಿಯನ್ನೇ ನೋಡಿ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಇಂಡಿಯನ್ ಡಿಜಿಟಲ್ ಹೆರಿಟೇಜ್’ ಯೋಜನೆಯಲ್ಲಿ ಹಂಪಿಯ ಸ್ಮಾರಕಗಳನ್ನು ತ್ರೀಡಿಯಲ್ಲಿ ದಾಖಲಿಸುವ ಕೆಲಸ ನಡೆಯಿತು. ಆ ಸಂಶೋಧನೆಗಳ ಸಂಪುಟ ‘ಡಿಜಿಟಲ್ ಹಂಪಿ’ 2017ರಲ್ಲಿ ಪ್ರಕಟವಾಯಿತು. ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿದ ಗುಡಿಯ ಒಂದು ಚಲನಚಿತ್ರವನ್ನು ಫ್ರೇಮ್ ಫ್ರೇಮಾಗಿ ತೆಗೆದರೆ, ಸಿನಿಮಾದವರು ಬಳಸುವ ಸಂಕುಚಿಸದ ಇಎಕ್ಸ್‌ಆರ್ ಮಾದರಿಯಲ್ಲಿ 4ಕೆಯ ಒಂದೊಂದು ಫ್ರೇಮೂ 66 ಎಂಬಿ. ಸೆಕೆಂಡಿಗೆ 25 ಫ್ರೇಮ್ ಓಡಿಸಲು 1,650 ಎಂಬಿ ಬೇಕು. ಹಾರ್ಡ್ ಡಿಸ್ಕ್ ಅಲ್ಲಿ ಅಡ್ಡ ಮಲಗುತ್ತದೆ, ಸಾಟಾ ಎಸ್‌ಎಸ್‌ಡಿಯೂ ಸೋಲುತ್ತದೆ.

ನಮ್ಮ ಸೀಮೆಯ ಹುಡುಗರು ಅಂಥ ಕೆಲಸಕ್ಕೆ ಹೋಗಲಾರರು ಎಂದು ಯಾರೂ ಹೇಳುವಂತಿಲ್ಲ. ‘ಕೆಜಿಎಫ್ ಚಾಪ್ಟರ್ 2’ 2022ರ ಏಪ್ರಿಲ್ 14ರಂದು ತೆರೆಕಂಡಾಗ ಅದರ ಸಂಕಲನಕಾರ ಕಲಬುರಗಿಯ ಹದಿಹರೆಯದ ಉಜ್ವಲ್ ಕುಲಕರ್ಣಿ ಎಂಬ ಸುದ್ದಿ ನಾಡಿಗೆಲ್ಲ ಹಬ್ಬಿತು. ಅವರು ಅಭಿಮಾನಿಯಾಗಿ ಕತ್ತರಿಸಿ ಜೋಡಿಸಿದ ವಿಡಿಯೊಗಳಿಂದಲೇ ನಿರ್ದೇಶಕರ ಕಣ್ಣಿಗೆ ಬಿದ್ದವರು. ಕಲ್ಯಾಣ ಕರ್ನಾಟಕದ ಎಷ್ಟೋ ಕೋಣೆಗಳಲ್ಲಿ ಇಂದು ಮದುವೆ ವಿಡಿಯೊ ಮಿಕ್ಸ್ ಮಾಡುತ್ತಿರುವವರಿಗೆ ಅದು ದೊಡ್ಡ ಬಲ.

ಬಿಸಿಲು, ಬೂದಿ, ಕರೆಂಟು

ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಎಂಬ ಚರ್ಚೆಯನ್ನು ತಂಪು ದೇಶದ ಲೇಖನಗಳಿಂದ ಹಾಗೇ ಎತ್ತಿಕೊಂಡರೆ ಕಾರಟಗಿಗೆ ಹೊಂದುವುದಿಲ್ಲ. ಇಲ್ಲಿ ಮದುವೆಯ ಸುಗ್ಗಿ ಬರುವುದೇ ಏಪ್ರಿಲ್–ಮೇ ತಿಂಗಳಲ್ಲಿ. ಹೊರಗೆ 40 ಡಿಗ್ರಿಯ ಬಿಸಿಲು. ಎನ್‌ವಿಎಂಇ ಎಸ್‌ಎಸ್‌ಡಿ 70–80 ಡಿಗ್ರಿ ಮುಟ್ಟಿದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದು ಕೂರುವ ಜಾಗವೋ ಬಹುಪಾಲು ಬೋರ್ಡ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಬುಡದಲ್ಲೇ. ಕೆಲವು ನೂರು ರೂಪಾಯಿಯ ಹೀಟ್‌ಸಿಂಕ್ ಹಚ್ಚುವುದು, ಕ್ಯಾಬಿನೆಟ್ಟಿಗೆ ಒಳಗಾಳಿ ಹೊರಗಾಳಿಯ ಫ್ಯಾನ್ ಎರಡನ್ನೂ ಕೂಡಿಸುವುದು ಇಲ್ಲಿ ಶೋಕಿಯ ಮಾತಲ್ಲ.

ಎರಡನೆಯದು ಅಕ್ಕಿ ಗಿರಣಿಗಳು. ಊರಿಗೆ ಅನ್ನ ಕೊಟ್ಟ ಗಿರಣಿಗಳೇ ಹೊಟ್ಟಿನ ಬೂದಿಯನ್ನೂ ಕೊಡುತ್ತವೆ. ಹಾರ್ಡ್ ಡಿಸ್ಕ್‌ನ ಒಳಗೆ ಆ ಬೂದಿ ನುಗ್ಗುವುದಿಲ್ಲ. ಗಾಳಿಯ ಒತ್ತಡ ಸರಿದೂಗಿಸುವ ಸಣ್ಣ ತೂತಿಗೆ ನವಿರಾದ ಫಿಲ್ಟರ್ ಇರುತ್ತದೆ. ಆದರೆ ಬೂದಿ ಫ್ಯಾನ್‌ಗೆ, ಹೀಟ್‌ಸಿಂಕ್‌ನ ಸಂದುಗಳಿಗೆ ಮೆತ್ತಿಕೊಳ್ಳುತ್ತದೆ, ಅದರಿಂದ ಕಾವು ಏರುತ್ತದೆ. ಸೀಸನ್ ಶುರುವಾಗುವ ಮೊದಲು ಒಮ್ಮೆ, ನಡುವೆ ಒಮ್ಮೆ ಬ್ಲೋವರ್ ಹಿಡಿಸಬೇಕು.

ಮೂರನೆಯದು ಕರೆಂಟು. ಬರೆಯುತ್ತಿರುವಾಗ ವಿದ್ಯುತ್ ಹೋದರೆ ಎರಡಕ್ಕೂ ಅಪಾಯ. ಹಾರ್ಡ್ ಡಿಸ್ಕ್‌ನಲ್ಲಿ ಆಗ ಬರೆಯುತ್ತಿದ್ದ ಫೈಲು ಕೆಡಬಹುದು. ಎಸ್‌ಎಸ್‌ಡಿಯಲ್ಲಿ ಯಾವ ಮಾಹಿತಿ ಯಾವ ಚಿಪ್‌ನಲ್ಲಿದೆ ಎಂಬ ಪಟ್ಟಿಗೇ ಪೆಟ್ಟು ಬೀಳಬಹುದು; ಹಠಾತ್ ಕತ್ತಲೆಯನ್ನು ತಡೆಯುವ ಕೆಪಾಸಿಟರ್‌ಗಳು ಸರ್ವರ್ ದರ್ಜೆಯವುಗಳಲ್ಲಿ ಇರುತ್ತವೆ, ಮನೆಬಳಕೆಯವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಯುಪಿಎಸ್ ಇಲ್ಲದ ರೆಂಡರ್ ಸಿಸ್ಟಂಗೆ ಎಷ್ಟು ದುಬಾರಿ ಡ್ರೈವ್ ಹಾಕಿದರೂ ಅರ್ಧ ಕೆಲಸ ಬಾಕಿ ಉಳಿಸಿದಂತೆಯೇ.

ಸಾಯುವ ಬಗೆಯೇ ಬೇರೆ

ಹಾರ್ಡ್ ಡಿಸ್ಕ್ ಕೆಡುವ ಮೊದಲು ಹಲವು ಸಲ ಸುಳಿವು ಕೊಡುತ್ತದೆ. ಟಕ್ ಟಕ್ ಸದ್ದು, ಫೋಲ್ಡರ್ ತೆರೆಯಲು ತಡ, ಓದಲಾಗದ ಸೆಕ್ಟರ್‌ಗಳು. ಅಪ್ಪಿತಪ್ಪಿ ಡಿಲೀಟ್ ಆದ ಫೈಲು ಅದರ ಮೇಲೆ ಬೇರೆಯದನ್ನು ಬರೆಯುವ ತನಕ ತಟ್ಟೆಯ ಮೇಲೆ ಇದ್ದೇ ಇರುತ್ತದೆ. ತಕ್ಷಣ ಕೆಲಸ ನಿಲ್ಲಿಸಿ ಹುಬ್ಬಳ್ಳಿಗೋ ಬೆಂಗಳೂರಿಗೋ ರಿಕವರಿಗೆ ಒಯ್ದರೆ ಸಿಗುವ ಆಸೆ ಇದೆ. ಅದರ ದೊಡ್ಡ ಶತ್ರು ಏಟು: ಓಡುತ್ತಿರುವಾಗ ಮೇಜಿನಿಂದ ಬಿದ್ದರೆ ಹೆಡ್ ತಟ್ಟೆಗೆ ಬಡಿಯುತ್ತದೆ.

ಎಸ್‌ಎಸ್‌ಡಿಗೆ ಏಟಿನ ಭಯ ಕಡಿಮೆ. ಆದರೆ ನಿನ್ನೆ ಚೆನ್ನಾಗಿದ್ದದ್ದು ಇಂದು ಬೆಳಿಗ್ಗೆ ಸಿಸ್ಟಂಗೆ ಕಾಣಿಸದೇ ಹೋಗಬಹುದು. ಡಿಲೀಟ್ ಮಾಡಿದ ಫೈಲಿನ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಹಿನ್ನೆಲೆಯಲ್ಲೇ ಒರೆಸುತ್ತ ಹೋಗುವುದರಿಂದ, ಅಳಿಸಿದ್ದನ್ನು ವಾಪಸ್ ತರುವುದು ಬಹುತೇಕ ಆಗದ ಮಾತು. ಬರೆಯುವುದಕ್ಕೂ ಮಿತಿ ಇದೆ. 1 ಟಿಬಿಯ ಒಳ್ಳೆಯ ಎಸ್‌ಎಸ್‌ಡಿಗಳ ವಾರಂಟಿಯಲ್ಲಿ 600 ಟಿಬಿ ಬರೆಯಬಹುದು ಎಂದಿರುವುದು ಸಾಮಾನ್ಯ. ದಿನಕ್ಕೆ 100 ಜಿಬಿ ಬರೆದರೆ 16 ವರ್ಷ. ಹಾಗಾಗಿ ಮದುವೆ ಸ್ಟುಡಿಯೊ ಇದಕ್ಕೆ ಹೆದರಬೇಕಾಗಿಲ್ಲ.

ಹೆದರಬೇಕಾದ್ದು ಬೀರುವಿನಲ್ಲಿಟ್ಟ ಎಸ್‌ಎಸ್‌ಡಿಗೆ. ಚಿಪ್‌ನ ಒಳಗೆ ಮಾಹಿತಿ ನಿಂತಿರುವುದು ವಿದ್ಯುತ್ ಕಣಗಳ ರೂಪದಲ್ಲಿ. ಕರೆಂಟಿಲ್ಲದೆ ಬಿಟ್ಟರೆ ಅವು ನಿಧಾನವಾಗಿ ಸೋರುತ್ತವೆ. ಜೆಡೆಕ್ ಎಂಬ ಸಂಸ್ಥೆಯ ಅಂತರರಾಷ್ಟ್ರೀಯ ಮಾನದಂಡ ಮನೆಬಳಕೆಯ ಎಸ್‌ಎಸ್‌ಡಿಯಿಂದ ಬಯಸುವುದು ಇಷ್ಟು: ಬರೆಯುವ ಮಿತಿ ಮುಗಿಸಿದ ಡ್ರೈವ್ 30 ಡಿಗ್ರಿ ಕಾವಿನಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಡಬೇಕು. ಹೊಸ ಡ್ರೈವ್ ಇದಕ್ಕಿಂತ ಬಹಳ ಹೆಚ್ಚು ತಾಳುತ್ತದೆ, ನಿಜ. ಆದರೆ ಕಾವು ಏರಿದಷ್ಟೂ ಸೋರಿಕೆ ಹೆಚ್ಚು, ಮತ್ತು ನಮ್ಮ ಬೇಸಿಗೆಯ ಬೀರು 30 ಡಿಗ್ರಿಯಲ್ಲಿ ಇರುವುದಿಲ್ಲ. ವರ್ಷಗಟ್ಟಲೆ ಮುಟ್ಟದೆ ಇಡುವ ಫುಟೇಜ್‌ಗೆ ಹಾರ್ಡ್ ಡಿಸ್ಕೇ ಸರಿ. ಅದನ್ನೂ ವರ್ಷಕ್ಕೊಮ್ಮೆ ಚಾಲೂ ಮಾಡಿ, ಫೈಲು ತೆರೆದು ನೋಡಬೇಕು.

ಹಾರ್ಡ್ ಡಿಸ್ಕ್ ಹಳೆಯ ಸಾಧನ, ನಿಜ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಒಂದು ದೊಡ್ಡ ಫೋಟೊಗೂ ಅದು ಸಾಲದು. ಎಸ್‌ಎಸ್‌ಡಿಯ ಜೀವಾಳವಾದ ನ್ಯಾಂಡ್ ಫ್ಲ್ಯಾಶ್ ಜಪಾನಿನ ತೊಶಿಬಾದಲ್ಲಿ ಫುಜಿಯೊ ಮಸುವೊಕಾ ತಂಡದಿಂದ 1987ರಲ್ಲಿ ಬೆಳಕಿಗೆ ಬಂತು. ಹಳೆಯದನ್ನು ಹೊಸದು ಓಡಿಸಲಿಲ್ಲ; ದೊಡ್ಡ ಡೇಟಾ ಸೆಂಟರ್‌ಗಳೂ ಇವತ್ತಿಗೆ ಎರಡನ್ನೂ ಇಟ್ಟುಕೊಂಡಿವೆ. ಒಂದು ಟಿಬಿಗೆ ತಗಲುವ ಬೆಲೆಯಲ್ಲಿ ಹಾರ್ಡ್ ಡಿಸ್ಕ್ ಈಗಲೂ ಬಹಳ ಅಗ್ಗ.

ಅಂಗಡಿಯಲ್ಲಿ ಏನು ಕೇಳಬೇಕು

ಮೊದಲಿಗೆ, ವಿಂಡೋಸ್, ಸಾಫ್ಟ್‌ವೇರ್, ಕ್ಯಾಶ್ ಇಡಲು ಒಂದು ಎಸ್‌ಎಸ್‌ಡಿ. ಕೈಯಲ್ಲಿ ಹಣವಿದ್ದರೆ ಈಗ ನಡೆಯುತ್ತಿರುವ ಮದುವೆಗಳಿಗೆಂದೇ ಇನ್ನೊಂದು ಎಸ್‌ಎಸ್‌ಡಿ, 1 ಅಥವಾ 2 ಟಿಬಿಯದು. ಮೂಲ ಫುಟೇಜ್ ಕಾಯ್ದಿಡಲು ಒಂದೇ ಗಾತ್ರದ ಎರಡು ಹಾರ್ಡ್ ಡಿಸ್ಕ್, ಒಂದೊಂದರಲ್ಲೂ ಒಂದೊಂದು ಪ್ರತಿ. ಸೀಸನ್ನಿಗೆ 15 ಮದುವೆ ಎಂದುಕೊಂಡರೆ 450 ಜಿಬಿಯಂತೆ ಸುಮಾರು 7 ಟಿಬಿ. 8 ಟಿಬಿಯ ಎರಡು ಡಿಸ್ಕ್ ಒಂದು ಸೀಸನ್ನಿಗೆ ಸರಿಹೋಗುತ್ತವೆ. ಫುಲ್ ಎಚ್‌ಡಿಯಲ್ಲಿ 50 ಮೆಗಾಬಿಟ್‌ಗೆ ಶೂಟ್ ಮಾಡುವವರಿಗೆ ಇದರ ಅರ್ಧ ಸಾಕು.

ಎಸ್‌ಎಸ್‌ಡಿ ಕೊಳ್ಳುವಾಗ ಅದರ ಚಿಪ್ ಟಿಎಲ್‌ಸಿ ಬಗೆಯದೋ ಕ್ಯುಎಲ್‌ಸಿ ಬಗೆಯದೋ ಕೇಳಿ. ಅಗ್ಗದ ಕ್ಯುಎಲ್‌ಸಿ ಡ್ರೈವ್ ಮೊದಲ ಒಂದಷ್ಟು ಜಿಬಿಯನ್ನು ಭರ್ರನೆ ನುಂಗುತ್ತದೆ. ಅದರ ವೇಗದ ಭಾಗ ತುಂಬಿದ ಮೇಲೆ ಬರೆಯುವ ವೇಗ ಹಾರ್ಡ್ ಡಿಸ್ಕ್‌ಗಿಂತಲೂ ಕೆಳಗಿಳಿಯಬಹುದು. 450 ಜಿಬಿಯ ಮದುವೆ ಇಳಿಸುವವನಿಗೆ ಅದು ನಡುದಾರಿಯಲ್ಲಿ ಕೈಕೊಟ್ಟಂತೆ. ಯಾವ ಎಸ್‌ಎಸ್‌ಡಿಯನ್ನೂ ಪೂರ್ತಿ ತುಂಬಬೇಡಿ. ಐದರಲ್ಲಿ ಒಂದು ಪಾಲು ಖಾಲಿ ಇರಲಿ.

ಹಾರ್ಡ್ ಡಿಸ್ಕ್ ಕೊಳ್ಳುವಾಗ ಸಿಎಂಆರ್ ಎಂದೇ ಕೇಳಿ ಪಡೆಯಿರಿ. ಎಸ್‌ಎಂಆರ್ ಎಂಬ ಬಗೆಯಲ್ಲಿ ಬರವಣಿಗೆಯ ಸಾಲುಗಳು ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಅಂಚು ಚಾಚಿರುತ್ತವೆ. ನಡುವಿನದೊಂದು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಒಮ್ಮೆ ಬರೆದು ಇಟ್ಟುಬಿಡುವುದಕ್ಕೆ ಅದು ನಡೆಯುತ್ತದೆ, ಅದರ ಮೇಲೇ ಎಡಿಟ್ ಮಾಡಲು ನಡೆಯುವುದಿಲ್ಲ. ಜೇಬಿಗೆ ಹಿಡಿಸುವ ಯುಎಸ್‌ಬಿ ಹಾರ್ಡ್ ಡಿಸ್ಕ್‌ಗಳು ಬಹುತೇಕ ಈ ಬಗೆಯವು. ಇನ್ನು ಆನ್‌ಲೈನ್‌ನಲ್ಲಿ ನಂಬಲಾಗದ ಬೆಲೆಗೆ ಸಿಗುವ 16 ಟಿಬಿಯ ‘ಎಸ್‌ಎಸ್‌ಡಿ’ಗಳ ಕಡೆ ನೋಡಲೂಬೇಡಿ. ಒಳಗೆ ಸಣ್ಣ ಮೆಮೊರಿ ಕಾರ್ಡ್ ಇಟ್ಟು ದೊಡ್ಡ ಗಾತ್ರ ತೋರಿಸುವ ಮೋಸ ಅದು. ಹೊಸ ಡ್ರೈವ್ ಯಾವುದೇ ಇರಲಿ, ‘ಎಚ್2ಟೆಸ್ಟ್‌ಡಬ್ಲ್ಯು’ ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷೆಗೆಂದು ಒಮ್ಮೆ ಮಾತ್ರ ಪೂರ್ತಿ ತುಂಬಿಸಿ ಓದಿಸಿ ನೋಡಿ. ಆಮೇಲೆ ಕೆಲಸಕ್ಕೆ ಹಚ್ಚಿ. ತಿಂಗಳಿಗೊಮ್ಮೆ ‘ಕ್ರಿಸ್ಟಲ್ ಡಿಸ್ಕ್ ಇನ್ಫೊ’ ತೆರೆದು ಡ್ರೈವ್‌ಗಳ ಆರೋಗ್ಯ ನೋಡಿಕೊಳ್ಳಿ.

ಬೆಲೆಯ ಏರಿಳಿತ ನಮ್ಮ ಕೈಯಲ್ಲಿಲ್ಲ. 2011ರಲ್ಲಿ ಥಾಯ್ಲೆಂಡಿನ ನೆರೆಯಲ್ಲಿ ಕಾರ್ಖಾನೆಗಳು ಮುಳುಗಿ ಜಗತ್ತಿನಾದ್ಯಂತ ಹಾರ್ಡ್ ಡಿಸ್ಕ್ ಬೆಲೆ ಜಿಗಿಯಿತು. 2025ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳ ಬೇಡಿಕೆಗೆ ಮೆಮೊರಿ ಚಿಪ್‌ಗಳ ಬೆಲೆ ಏರಿದೆ. ಇಂಥ ಹೊತ್ತಿನಲ್ಲಿ ಎಸ್‌ಎಸ್‌ಡಿಯ ಗಾತ್ರ ತುಸು ಕಡಿಮೆಯಾದರೂ ಸರಿ, ಎರಡನೇ ಹಾರ್ಡ್ ಡಿಸ್ಕ್ ಬಿಡಬಾರದು.

ಎರಡನೇ ಪ್ರತಿಯ ಮಾತು

ಯಾಕೆಂದರೆ ಕೆಡದ ಡ್ರೈವ್ ಎಂಬುದೇ ಇಲ್ಲ. ಲಕ್ಷಾಂತರ ಡಿಸ್ಕ್ ಓಡಿಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿ 2013ರಿಂದ ತನ್ನ ಲೆಕ್ಕ ಪ್ರಕಟಿಸುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ನೂರು ಹಾರ್ಡ್ ಡಿಸ್ಕ್‌ಗೆ ವರ್ಷಕ್ಕೆ ಒಂದೋ ಎರಡೋ ಕೆಡುತ್ತಿವೆ. ಅದೂ ತಂಪು ಕೋಣೆಯಲ್ಲಿ, ನಿಲ್ಲದ ಕರೆಂಟಿನಲ್ಲಿ. ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ, 1998ರಲ್ಲಿ, ಪಿಕ್ಸಾರ್‌ನಂಥ ಸಂಸ್ಥೆಯಲ್ಲೂ ಒಂದು ತಪ್ಪು ಆದೇಶಕ್ಕೆ ಚಿತ್ರದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಕೂಸು ಹುಟ್ಟಿದ ಮೇಲೆ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದ್ದದ್ದರಿಂದ ಚಿತ್ರ ಉಳಿಯಿತು.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ 3–2–1 ಸೂತ್ರ ಇದನ್ನೇ ಹೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಕಾರಟಗಿಯ ಸ್ಟುಡಿಯೊಗೆ ಇದು ಭಾರವಲ್ಲ. ಕೆಲಸದ ಎಸ್‌ಎಸ್‌ಡಿಯಲ್ಲಿ ಒಂದು, ಸ್ಟುಡಿಯೊದ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಮಾಲೀಕರ ಮನೆಯಲ್ಲಿ ಇಡುವ ಹಾರ್ಡ್ ಡಿಸ್ಕ್‌ನಲ್ಲಿ ಒಂದು. ಮೂರೂ ಆಗಿ, ತೆರೆದು ನೋಡಿದ ಮೇಲೆಯೇ ಕ್ಯಾಮೆರಾದ ಕಾರ್ಡ್ ಫಾರ್ಮ್ಯಾಟ್ ಮಾಡಬೇಕು. ಎರಡು ಡಿಸ್ಕ್ ಜೋಡಿಸಿ ಒಂದರದ್ದು ಇನ್ನೊಂದರಲ್ಲೂ ಮೂಡುವ ಹಾಗೆ ರೇಡ್ ಮಾಡಿದ್ದೇವೆ, ಸಾಕು ಎನ್ನುವವರಿದ್ದಾರೆ. ಸಾಲದು: ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಆ ಫುಟೇಜ್‌ನಲ್ಲಿ ಇರುವುದು ಬರೀ ಮದುಮಕ್ಕಳಲ್ಲ. ಮುಂದಿನ ವರ್ಷ ಇಲ್ಲದಿರಬಹುದಾದ ಅಜ್ಜಿಯ ಸೋಬಾನೆ ಪದ, ಭಜಂತ್ರಿಯವರ ವಾದನ, ದುಡಿಯಲು ದೂರದೂರಿಗೆ ಹೋದ ಅಣ್ಣ ತಮ್ಮಂದಿರು ಒಟ್ಟಿಗೆ ಉಣ್ಣುವುದು, ಇವೆಲ್ಲ ಇವೆ. ಐದು ನಿಮಿಷದ ಹೈಲೈಟ್ಸ್‌ನಲ್ಲಿ ಇವು ಬರುವುದಿಲ್ಲ, ಮೂಲ ಫುಟೇಜ್‌ನಲ್ಲಿ ಮಾತ್ರ ಉಳಿದಿರುತ್ತವೆ. ಒಂದು ಊರಿನ ಬದುಕನ್ನು ಇಷ್ಟು ವಿವರವಾಗಿ ಬೇರೆ ಯಾರೂ ದಾಖಲಿಸುತ್ತಿಲ್ಲ.

ಹಾಗಾಗಿ ನನ್ನದೊಂದು ಬೇಡಿಕೆ ಇದೆ, ಸ್ಟುಡಿಯೊದವರಿಗೂ ಮನೆಯವರಿಗೂ. ಬಿಲ್ಲಿನ ಮೇಲೆ ಆಲ್ಬಂನ ಹಾಳೆಗಳ ಲೆಕ್ಕ ಬರೆಯುವ ಹಾಗೆಯೇ, ಮೂಲ ಫುಟೇಜ್‌ನ ಎಷ್ಟು ಪ್ರತಿ ಇವೆ, ಯಾವ ತಿಂಗಳವರೆಗೆ ಇಡುತ್ತೇವೆ ಎಂದು ಒಂದು ಸಾಲು ಬರೆಯಿರಿ. ಮದುವೆ ಮನೆಯವರು ಮುಂಗಡ ಕೊಡುವಾಗಲೇ ಒಂದು ಹಾರ್ಡ್ ಡಿಸ್ಕ್‌ನ ಬೆಲೆಯನ್ನೂ ಸೇರಿಸಿ ಕೊಡಿ, ಮೂಲ ಫುಟೇಜ್ ಕೇಳಿ ಪಡೆಯಿರಿ. ಪೆಂಡಾಲಿನ ಹೂವಿಗೆ ಒಂದು ದಿನಕ್ಕೆ ಖರ್ಚಾಗುವ ಹಣದ ಒಂದು ಪಾಲಿನಲ್ಲಿ ಅದು ಆಗುತ್ತದೆ. ವೇಗಕ್ಕೆ ಎಸ್‌ಎಸ್‌ಡಿ ಹಾಕಿಸುವುದು ಸ್ಟುಡಿಯೊದವರ ಅನುಕೂಲ. ಎರಡು ಹಾರ್ಡ್ ಡಿಸ್ಕ್‌ನಲ್ಲಿ ಕಾಪಾಡುವುದು ಅವರು ಪಡೆದ ಕೂಲಿಗೆ ಸೇರಿದ ಜವಾಬ್ದಾರಿ. ಮುಂದಿನ ಸೀಸನ್ನಿಗೆ ಸಿಸ್ಟಂ ಕಟ್ಟಿಸುವವರು ದುಡ್ಡನ್ನು ಈ ಕ್ರಮದಲ್ಲೇ ಹಂಚಲಿ: ಮೊದಲು ಎರಡನೇ ಪ್ರತಿ, ಆಮೇಲೆ ಯುಪಿಎಸ್, ಅದಾದ ಮೇಲೆ ವೇಗ.